ಹೊಸ ಡಬ್ಬಿ ತೆರೆದ ಮೇಲೆ ಸ್ಕೋರ್ ಇಳಿದರೆ: ಏರ್ ರೈಫಲ್ ಪೆಲೆಟ್ ದೋಷ ಪತ್ತೆ ಹಚ್ಚುವ ಬಗೆ

ನಮ್ಮ ರೇಂಜ್‌ನಲ್ಲಿ 10 ಮೀಟರ್ ಏರ್ ರೈಫಲ್ ಹೊಡೆಯುವ ಒಬ್ಬ ಹುಡುಗಿ ಇದ್ದಾಳೆ. 60 ಗುಂಡಿಗೆ 618ರ ಆಸುಪಾಸು ಹೊಡೆಯುತ್ತಿದ್ದವಳು ಇದ್ದಕ್ಕಿದ್ದಂತೆ 612ಕ್ಕೆ ಇಳಿದಳು. ಒಂದು ದಿನ ಅಲ್ಲ, ಪೂರ್ತಿ ಒಂದು ತಿಂಗಳು. ಕೊನೆಗೆ ನನ್ನ ಹತ್ತಿರ ಬಂದಳು.

"ಸರ್, ನನ್ನ ಟ್ರಿಗರ್ ಕೆಟ್ಟಿದೆ ಅನ್ಸುತ್ತೆ. ಬೆರಳು ಮಾತೇ ಕೇಳ್ತಿಲ್ಲ."

"ಟ್ರಿಗರ್ ಇರ್ಲಿ ಬಿಡಮ್ಮ. ಪೆಲೆಟ್ಟಿನ ಹೊಸ ಡಬ್ಬಿ ಯಾವಾಗ ತೆಗೆದೆ?"

"ಹೋದ ತಿಂಗಳು ಸರ್. ಆದ್ರೆ ಅದೇ ಕಂಪನಿ, ಅದೇ 4.50. ಏನೂ ಬದಲಾಗಿಲ್ಲ."

ಏನೂ ಬದಲಾಗಿಲ್ಲ ಅನ್ನುವ ಆ ಮಾತಿನಲ್ಲೇ ತೊಂದರೆ ಇತ್ತು. ಪೆಲೆಟ್ ಅಂದರೆ ಏರ್ ರೈಫಲ್‌ಗೆ ಹಾಕುವ ಸೀಸದ ಪುಟ್ಟ ಗುಂಡು, 4.50 ಅದರ ಸೈಜ್. ಸೈಜ್ ಅದೇ ಇದ್ದರೂ ಡಬ್ಬಿಯ ಹಿಂದೆ ಒತ್ತಿದ್ದ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ನಂಬರ್, ಬದಲಾಗಿತ್ತು. ಅದನ್ನು ಅವಳು ನೋಡಿರಲಿಲ್ಲ. ಆ ಒಂದು ತಿಂಗಳಲ್ಲಿ ಅವಳು ನಿಲ್ಲುವ ಭಂಗಿ ಬದಲಿಸಿದ್ದಳು, ಕೆನ್ನೆಪಟ್ಟಿ ಎತ್ತರ ಬದಲಿಸಿದ್ದಳು, ಟ್ರಿಗರ್ ಭಾರ ಕೂಡ ಬದಲಿಸಿದ್ದಳು. ಸರಿಯಾಗಿದ್ದದ್ದನ್ನೆಲ್ಲ ಕೆಡಿಸಿಕೊಂಡಿದ್ದಳು. ನನಗೆ ಇವತ್ತಿಗೂ ಬೇಜಾರಾಗುವುದು ಆ ಒಂದು ತಿಂಗಳ ಬಗ್ಗೆ. ಬೇರೆ ಯಾರಿಗೂ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆರು ಪಾಯಿಂಟ್ ಅಂದರೆ ಎಷ್ಟು ದೂರ?

618ನ್ನು 60ರಿಂದ ಭಾಗಿಸಿದರೆ ಗುಂಡಿಗೆ 10.3. 612 ಆದರೆ 10.2. ಅಂದರೆ ಗುಂಡಿಗೆ ಹೋಗಿದ್ದು ಬರೀ 0.1. ಏರ್ ರೈಫಲ್ ಟಾರ್ಗೆಟ್‌ನಲ್ಲಿ 0.1 ಅಂದರೆ ಕಾಲು ಮಿಲಿಮೀಟರ್. ಹತ್ತರ ಚುಕ್ಕಿಯೇ ಅರ್ಧ ಮಿಲಿಮೀಟರ್ ಅಗಲ. ಪೆಲೆಟ್ಟಿನ ನಡುಭಾಗ ಟಾರ್ಗೆಟ್ ಕೇಂದ್ರದಿಂದ ಕಾಲು ಮಿ.ಮೀ. ಒಳಗೆ ಬಿದ್ದರೆ 10.9, ಅಲ್ಲಿಂದ ಪ್ರತಿ ಕಾಲು ಮಿ.ಮೀ.ಗೆ 0.1 ಕಳೆಯುತ್ತಾ ಬನ್ನಿ, ಎರಡೂವರೆ ಮಿ.ಮೀ. ದೂರಕ್ಕೆ 10.0. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಕೊನೆಯ ಗುಂಡು 10.8. ಅದು ಕೇಂದ್ರದಿಂದ ಅರ್ಧ ಮಿಲಿಮೀಟರ್ ಒಳಗೇ ಬಿದ್ದ ಗುಂಡು.

ಇಷ್ಟು ಸಣ್ಣ ಲೆಕ್ಕದ ಆಟದಲ್ಲಿ ಕಾಲು ಮಿಲಿಮೀಟರ್ ತಪ್ಪನ್ನು ಪೆಲೆಟ್ ತಾನೇ ಮಾಡಬಲ್ಲದು. ಅದಕ್ಕಿಂತ ಜಾಸ್ತಿಯನ್ನೂ ಮಾಡಬಲ್ಲದು.

ಆದರೆ ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಗುಂಡುಗಳು 20 ಮಿ.ಮೀ. ಅಗಲಕ್ಕೆ ಹರಡುತ್ತಿದ್ದರೆ, ಪೆಲೆಟ್ ತನ್ನದೇ 4 ಮಿ.ಮೀ. ಹರಡುವಿಕೆ ಸೇರಿಸಿದರೂ ಮೊತ್ತ 24 ಆಗುವುದಿಲ್ಲ. ಎರಡೂ ತಪ್ಪು ಒಂದೇ ದಿಕ್ಕಿಗೆ ಬೀಳುವುದಿಲ್ಲವಲ್ಲ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. 20.4 ಬರುತ್ತದೆ. ಕಣ್ಣಿಗೂ ಕಾಣದ ವ್ಯತ್ಯಾಸ. ಅದೇ ನಿಮ್ಮದು 6 ಮಿ.ಮೀ. ಇದ್ದರೆ 7.2ಕ್ಕೆ ಏರುತ್ತದೆ. ಅದು ಪದಕ ತಪ್ಪಿಸುವ ವ್ಯತ್ಯಾಸ. ಹಾಗಾಗಿ ಈಗಷ್ಟೇ ಕಲಿಯುತ್ತಿರುವವರು ಪೆಲೆಟ್ ಹಿಂದೆ ಬಿದ್ದು ದುಡ್ಡು ಕಳೆಯಬೇಡಿ. ಈ ಬರಹ 600 ದಾಟಿದವರಿಗೆ, ಮತ್ತು ಅಂಥವರ ಅಪ್ಪ ಅಮ್ಮಂದಿರಿಗೆ.

ಮೊದಲು ಹಳೇ ಡಬ್ಬಿಗೆ ವಾಪಸ್ ಹೋಗಿ

ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು. ಚೆನ್ನಾಗಿ ಹೊಡೆಯುತ್ತಿದ್ದ ಕಾಲದ ಪೆಲೆಟ್ ಉಳಿದಿದ್ದರೆ ಅದರಲ್ಲಿ 40 ಗುಂಡು ಹೊಡೆಯಿರಿ, ಹೊಸದರಲ್ಲಿ 40. ಹಳೆಯದರಲ್ಲಿ ಸ್ಕೋರ್ ವಾಪಸ್ ಬಂದರೆ ಅನುಮಾನ ಪೆಲೆಟ್ ಮೇಲೆ. ಎರಡರಲ್ಲೂ ಒಂದೇ ಥರ ಕೆಟ್ಟಿದ್ದರೆ ರೈಫಲ್ ಅಥವಾ ನೀವು.

ಇದರಲ್ಲಿ ಒಂದು ಮೋಸ ಇದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಗೊತ್ತಿದ್ದರೆ ಮನಸ್ಸು ಸುಮ್ನೆ ಕೂರುವುದಿಲ್ಲ. ನಂಬಿಕೆ ಇರುವ ಪೆಲೆಟ್ ಹಾಕಿದಾಗ ಕೈ ತಾನಾಗೇ ಹಗುರಾಗುತ್ತದೆ. ಅದಕ್ಕೆ ನಾನು ಎರಡು ಸ್ಟೀಲ್ ಬಟ್ಟಲು ಇಟ್ಟುಕೊಂಡಿದ್ದೇನೆ. ತಳಕ್ಕೆ ಚೀಟಿ ಅಂಟಿಸಿ, ಒಂದೊಂದರಲ್ಲಿ ಒಂದೊಂದು ಲಾಟ್ ಹಾಕಿ, ಬೇರೆ ಯಾರಾದರೂ ಹತ್ತು ಗುಂಡಿಗೊಮ್ಮೆ ಬಟ್ಟಲು ಕೊಡುತ್ತಾರೆ. ಹೊಡೆಯುವವರಿಗೆ ಯಾವುದು ಅಂತ ಗೊತ್ತಾಗಬಾರದು. ಎಲ್ಲ ಮುಗಿದ ಮೇಲೇ ಬಟ್ಟಲು ಮಗುಚಿ ನೋಡುವುದು.

ಹಳೇ ಪೆಲೆಟ್ ಒಂದೂ ಉಳಿದಿಲ್ಲ ಅಂದರೆ ಕಷ್ಟ. ಮನೆಯಲ್ಲಿ ಮೊಸರು ಮುಗಿಯುವ ಮುಂಚೆ ಹೆಪ್ಪಿಗೆ ಒಂದು ಚಮಚ ಎತ್ತಿಡುತ್ತೇವಲ್ವಾ? ಪೆಲೆಟ್ಟಿಗೂ ಹಾಗೇ ಮಾಡಿ. ಚೆನ್ನಾಗಿ ಕೂತ ಲಾಟ್‌ನಿಂದ 100 ಪೆಲೆಟ್ ಬೇರೆ ಡಬ್ಬಿಯಲ್ಲಿ ಎತ್ತಿಡಿ. ಮೇಲೆ ಲಾಟ್ ನಂಬರ್, ಸೈಜ್, ತಾರೀಖು ಬರೆಯಿರಿ. ಮ್ಯಾಚ್ ಇದ್ದರೂ ಅದನ್ನು ಮುಟ್ಟಬೇಡಿ. ಅದು ಹೊಡೆಯುವುದಕ್ಕಲ್ಲ, ಅಳೆಯುವುದಕ್ಕೆ.

ರಂಧ್ರಗಳು ಏನು ಹೇಳುತ್ತವೆ

ಗ್ರೂಪ್, ಅಂದರೆ ಟಾರ್ಗೆಟ್ ಮೇಲೆ ಗುಂಡುಗಳು ಮಾಡಿದ ರಂಧ್ರಗಳ ಗುಂಪು, ಗಟ್ಟಿಯಾಗೇ ಇದೆ, ಆದರೆ ಜಾಗ ಬದಲಾಗಿದೆ ಅಂದರೆ ಅದು ದೋಷವೇ ಅಲ್ಲ. ಹೊಸ ಲಾಟ್, ಗುರಿ ನೋಡುವ ಸೈಟ್ ತಿರುಗಿಸುವ ಒಂದೆರಡು ಕ್ಲಿಕ್‌ನಷ್ಟು ಆಚೀಚೆ ಬೀಳುವುದು ಮಾಮೂಲು. ಸೈಟ್ ತಿರುಗಿಸಿ ಮುಂದೆ ಹೋಗಿ.

ಮೇಲೆ ಕೆಳಗೆ ಉದ್ದವಾಗಿ ಹರಡಿದ್ದರೆ ವೇಗ ಏರುಪೇರಾಗುತ್ತಿದೆ ಅಂತ ಅನುಮಾನಿಸಿ. ಮ್ಯಾಚ್ ರೈಫಲ್‌ನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17–18 ಮಿ.ಮೀ. ಕೆಳಗೆ ಬೀಳುತ್ತದೆ. ವೇಗ 1% ತಪ್ಪಿದರೆ ಬೀಳುವ ಅಳತೆ 2% ತಪ್ಪುತ್ತದೆ. ಅಂದರೆ ಸುಮಾರು ಮೂರನೇ ಒಂದು ಮಿಲಿಮೀಟರ್. ಗಾಳಿ ಸಿಲಿಂಡರಿನ ಒತ್ತಡ, ಆ ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರ್, ತೀರಾ ಬಿಗಿಯಾದ ಪೆಲೆಟ್, ಇವು ಮೂರೂ ಇದಕ್ಕೆ ಕಾರಣ ಆಗಬಹುದು.

ಅಡ್ಡಡ್ಡ ಹರಡಿದ್ದರೆ ಬಹುಪಾಲು ರೈಫಲ್ ಪಕ್ಕಕ್ಕೆ ವಾಲಿಸುವ ಅಭ್ಯಾಸ ಅಥವಾ ನಿಂತ ಭಂಗಿಯೇ ಕಾರಣ. ಪೆಲೆಟ್ ಬರೀ ಅಡ್ಡಕ್ಕೆ ತಪ್ಪುವುದಿಲ್ಲ.

ಎಲ್ಲ ಕಡೆಗೂ ದುಂಡಗೆ ಅಗಲವಾಗಿದ್ದರೆ ಪೆಲೆಟ್ಟಿಗೂ ಬ್ಯಾರೆಲ್ಲಿಗೂ ಹೊಂದಿಕೆ ಆಗಿಲ್ಲ ಅನ್ನುವ ಲಕ್ಷಣ. ಆ ಹುಡುಗಿಯದು ಹೀಗೇ ಇತ್ತು. ಒಂಬತ್ತು ಗುಂಡು ಚೆನ್ನಾಗಿ ಕೂತು ಒಂದೇ ಒಂದು ಹಾರಿದರೆ ಸ್ಕರ್ಟ್ (ಹಿಂಭಾಗದ ತೆಳು ಅಂಚು) ನಜ್ಜಾದ ಪೆಲೆಟ್ ಇರಬಹುದು, ಡಬ್ಬಿಯಲ್ಲಿ ಕಸ ಇರಬಹುದು. ಎರಡು ಬೇರೆ ಬೇರೆ ಗುಂಪು ಬೀಳುತ್ತಿದ್ದರೆ ಏನೋ ಸಡಿಲ ಆಗಿದೆ. ಹಿಂದಿನ ಸೈಟ್ ಮೊದಲು ಅಲ್ಲಾಡಿಸಿ ನೋಡಿ.

ರೈಫಲ್ ಕಡೆಯದ್ದು ಬೇಗ ಮುಗಿಸಿ

ಸ್ಟಾಕ್ (ರೈಫಲ್ಲಿನ ಹಿಡಿ ಭಾಗ) ಹಿಡಿದಿರುವ ಸ್ಕ್ರೂಗಳು, ಸೈಟ್ ಸ್ಕ್ರೂಗಳು, ಬ್ಯಾರೆಲ್ ಬಿಗಿ ಇದೆಯಾ ನೋಡಿ. ಸಿಲಿಂಡರ್ ಮೀಟರ್ ಕೆಳಗಿನ ಗೆರೆ ಹತ್ತಿರ ಇದ್ದರೆ ತುಂಬಿಸಿಕೊಂಡು ಮತ್ತೆ ಹೊಡೆಯಿರಿ. ಪೆಲೆಟ್ ಹಾಕುವ ಜಾಗದ ಒ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಹರಿದಿದೆಯಾ ನೋಡಿ. ತುಂಬ ದಿನದಿಂದ ಬ್ಯಾರೆಲ್ ಒರೆಸಿಲ್ಲ ಅಂದರೆ ಫೆಲ್ಟ್ ಹಾಕಿ ಒರೆಸಿ. ಒರೆಸಿದ ಮೇಲೆ ಮೊದಲ 15–20 ಗುಂಡು ಲೆಕ್ಕಕ್ಕೆ ಹಿಡಿಯಬೇಡಿ. ಬ್ಯಾರೆಲ್ ಒಳಗೆ ಸೀಸದ ತೆಳು ಪದರ ಮತ್ತೆ ಕೂರಬೇಕು. ಒರೆಸಿದ ತಕ್ಷಣ ಗ್ರೂಪ್ ನೋಡಿ ಗಾಬರಿಯಾದವರನ್ನು ನಾನು ಬೇಕಾದಷ್ಟು ಜನರನ್ನು ನೋಡಿದ್ದೇನೆ.

ಡಬ್ಬಿ ಮೇಲೆ ತೂಕ ಎಷ್ಟಿದೆ ಅಂತಲೂ ಒಮ್ಮೆ ಓದಿ. ರೈಫಲ್ ಪೆಲೆಟ್ ಸಾಮಾನ್ಯವಾಗಿ 0.53 ಗ್ರಾಂ, ಪಿಸ್ತೂಲಿನದು ಅದಕ್ಕಿಂತ ಹಗುರ. ಡಬ್ಬಿಗಳು ಒಂದೇ ಥರ ಕಾಣುತ್ತವೆ. ಅವಸರದಲ್ಲಿ ಪಿಸ್ತೂಲ್ ಡಬ್ಬಿ ಮನೆಗೆ ಬಂದಿರುವುದೂ ಉಂಟು.

ಈಗ ಪೆಲೆಟ್ಟನ್ನೇ ಹತ್ತಿರದಿಂದ ನೋಡೋಣ

ಬಿಳಿ ಕಾಗದದ ಮೇಲೆ ಹತ್ತು ಪೆಲೆಟ್ ನಿಧಾನಕ್ಕೆ ಸುರಿದುಕೊಳ್ಳಿ. ಭೂತಗನ್ನಡಿ ಇಟ್ಟುಕೊಳ್ಳಿ. ಬುಡುಬುಡಿಕೆಯವರ ಕೈಯಲ್ಲಿ ಇರುತ್ತದಲ್ಲ ಬುಡುಬುಡಿಕೆ, ಅದೇ ಆಕಾರ. ಎರಡೂ ಕಡೆ ಅಗಲ, ನಡುವೆ ಸಣ್ಣ ಸೊಂಟ. ಮುಂದಿನ ಭಾಗ ತಲೆ. ಮ್ಯಾಚ್ ಪೆಲೆಟ್ಟಿನದು ಚಪ್ಪಟೆ ತಲೆ, ಕಾಗದದಲ್ಲಿ ದುಂಡಗಿನ ಚೊಕ್ಕ ರಂಧ್ರ ಕೊರೆಯಲಿ ಅಂತ. ಹಿಂಭಾಗ ಟೊಳ್ಳು, ಅಂಚು ತೆಳು. ಅದನ್ನೇ ಸ್ಕರ್ಟ್ ಅನ್ನುವುದು.

ಇವೆರಡರ ಕೆಲಸ ಬೇರೆ ಬೇರೆ. ಬ್ಯಾರೆಲ್ ಒಳಗೆ ಸುರುಳಿಯಾಗಿ ಹಳ್ಳ ದಿಣ್ಣೆಗಳಿವೆ. ತಲೆ ದಿಣ್ಣೆಗಳ ಮೇಲೆ ಕೂತು ಪೆಲೆಟ್ಟನ್ನು ನೇರಕ್ಕೆ ಹಿಡಿಯುತ್ತದೆ. ಸ್ಕರ್ಟ್ ಗಾಳಿಯ ಒತ್ತಡಕ್ಕೆ ಅರಳಿ ಹಳ್ಳಗಳನ್ನು ತುಂಬುತ್ತದೆ, ಗಾಳಿ ಮುಂದಕ್ಕೆ ನುಸುಳದಂತೆ ತಡೆಯುತ್ತದೆ, ತಿರುಗು ಕೊಡುತ್ತದೆ. ತಲೆ ಬ್ಯಾರೆಲ್ಲಿಗಿಂತ ಸಣ್ಣದಾದರೆ ಒಳಗೇ ಸ್ವಲ್ಪ ವಾಲಿಕೊಂಡು ಹೋಗುತ್ತದೆ. ವಾಲಿಕೊಂಡೇ ಹೊರಗೆ ಬರುತ್ತದೆ. ಸರಿಯಾಗಿ ಬಿಡದ ಬುಗುರಿ ತಲೆ ಆಡಿಸುತ್ತಾ ತಿರುಗುತ್ತದಲ್ಲ, ಹಾಗೆ. ಒಂದೊಂದು ಪೆಲೆಟ್ ಒಂದೊಂದು ಕಡೆಗೆ ವಾಲುವುದರಿಂದ ಗ್ರೂಪ್ ದುಂಡಗೆ ಹರಡುತ್ತದೆ. ತಲೆ ದೊಡ್ಡದಾದರೆ ಉಜ್ಜುವುದು ಜಾಸ್ತಿ. ವೇಗ ಕಮ್ಮಿಯಾಗುವುದಷ್ಟೇ ಅಲ್ಲ, ಒಂದೊಂದು ಗುಂಡಿಗೆ ಒಂದೊಂದು ಥರ ಕಮ್ಮಿಯಾಗಬಹುದು.

ಸ್ಕರ್ಟಿನ ಅಂಚು ನಜ್ಜಾಗಿದ್ದರೆ ತೊಂದರೆ ಇನ್ನೊಂದು ಥರ. ಪೆಲೆಟ್ ಬ್ಯಾರೆಲ್ ತುದಿ ದಾಟುವ ಗಳಿಗೆಯಲ್ಲಿ ಹಿಂದಿನ ಗಾಳಿ ಸುತ್ತಲೂ ಒಂದೇ ಸಮ ಬಿಡುಗಡೆ ಆಗಬೇಕು. ಅಂಚು ಒಂದು ಕಡೆ ಒಳಗೆ ಹೋಗಿದ್ದರೆ ಗಾಳಿ ಅಲ್ಲಿಂದ ಮೊದಲು ನುಗ್ಗಿ ಪೆಲೆಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ಸೀಸ ಎಷ್ಟು ಮೆತ್ತಗೆ ಅಂದರೆ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದರೂ ಸ್ಕರ್ಟ್ ಆಕಾರ ಕೆಡಬಹುದು. ಡಬ್ಬಿ ಕೆಳಗೆ ಬಿದ್ದರೆ, ಕೊರಿಯರ್‌ನಲ್ಲಿ ಜಜ್ಜಿ ಬಂದರೆ, ಪೆಲೆಟ್ಟನ್ನು ಜೇಬಿಗೆ ಹಾಕಿಕೊಂಡರೆ ಕಥೆ ಮುಗಿಯಿತು.

ಬಿಳಿ ಪುಡಿ ಮೆತ್ತಿದೆಯಾ ಅಂತಲೂ ನೋಡಿ. ತೇವಕ್ಕೆ ಸೀಸ ಹಾಗಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿಯನ್ನು ಮ್ಯಾಚ್‌ಗೆ ನಂಬಬೇಡಿ. ಆ ಪುಡಿಯನ್ನು ಊದಲೂಬೇಡಿ, ಸೀಸ ವಿಷ. ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ತಿಂಡಿ ಮುಟ್ಟಬೇಕು. ರೇಂಜ್‌ಗೆ ಬರುವ ಮಕ್ಕಳಿಗೆ ಇದನ್ನು ದಿನಾ ಹೇಳುತ್ತೇನೆ. ಅವರಿಗೆ ಬೇಸರ ಬಂದರೂ ಹೇಳುತ್ತೇನೆ.

ಸೈಜ್ ಬೇರೆ, ಲಾಟ್ ಬೇರೆ

ಡಬ್ಬಿ ಮೇಲಿರುವ 4.49, 4.50, 4.51 ಅನ್ನುವುದು ತಲೆಯ ಅಗಲ, ಮಿಲಿಮೀಟರಿನಲ್ಲಿ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ 0.01 ಮಿ.ಮೀ. ಸುಮಾರಾಗಿ ಕೂದಲೆಳೆಯ ಏಳನೇ ಒಂದು ಭಾಗ. ಇದನ್ನು ಮನೆಯ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಲು ಹೋಗಬೇಡಿ. ಮಾಮೂಲಿ ಕ್ಯಾಲಿಪರ್ ಅಷ್ಟು ಸಣ್ಣದನ್ನು ನಂಬುವ ಹಾಗೆ ತೋರಿಸುವುದಿಲ್ಲ. ಸ್ಕ್ರೂಗೇಜ್ ತೋರಿಸಬಹುದು, ಆದರೆ ಸ್ವಲ್ಪ ಬಿಗಿ ಮಾಡಿದರೆ ಸೀಸವೇ ಒತ್ತಿಹೋಗಿ ಅಳತೆ ಸುಳ್ಳಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇಲ್ಲಿದೆ. ಆ ನಂಬರ್ ಒಂದು ಹೆಸರು ಅಂತ ತಿಳಿಯಿರಿ, ಅಳತೆ ಅಂತಲ್ಲ. ಬಳೆ ಅಂಗಡಿಯಲ್ಲಿ 2.6 ಅಂತ ಕೇಳಿ ತಂದ ಬಳೆ ಒಂದು ಸಲ ಸಲೀಸಾಗಿ ಏರುತ್ತದೆ, ಇನ್ನೊಂದು ಸಲ ಸೋಪು ಹಚ್ಚಬೇಕಾಗುತ್ತದೆ. ಎರಡರ ಮೇಲೂ 2.6 ಅಂತಲೇ ಇರುತ್ತದೆ. ಪೆಲೆಟ್ ಕೂಡ ಹಾಗೇ.

ಕಾರಣ ಅದನ್ನು ಮಾಡುವ ರೀತಿಯಲ್ಲಿದೆ. ಸೀಸದ ತಂತಿಯನ್ನು ತುಂಡು ಮಾಡಿ, ಉಕ್ಕಿನ ಅಚ್ಚಿನಲ್ಲಿಟ್ಟು ಒತ್ತಿ ಆಕಾರ ಕೊಡುತ್ತಾರೆ. ಲಕ್ಷಾಂತರ ಪೆಲೆಟ್ ಒತ್ತಿದ ಅಚ್ಚು ಸವೆಯುತ್ತದೆ. ಸವೆದದ್ದನ್ನು ತೆಗೆದು ಹೊಸದು ಹಾಕುತ್ತಾರೆ. ಒಂದು ಅಚ್ಚು ಇನ್ನೊಂದರ ಹಾಗೇ ಇರುವುದಿಲ್ಲ. ಸೀಸಕ್ಕೆ ಬೆರೆಸುವ ಆಂಟಿಮನಿ ಸ್ವಲ್ಪ ಹೆಚ್ಚುಕಮ್ಮಿ ಆದರೆ ಗಡಸುತನ ಬದಲಾಗುತ್ತದೆ, ಸ್ಕರ್ಟ್ ಅರಳುವುದೂ ಬದಲಾಗುತ್ತದೆ. ಹೀಗೆ ಒಂದೇ ಹೆಸರಿನ, ಒಂದೇ 4.50ರ ಎರಡು ಲಾಟ್‌ಗಳ ನಡುವಿನ ವ್ಯತ್ಯಾಸ, ಒಂದೇ ಸಲ ಕೊಂಡ 4.49 ಮತ್ತು 4.50ರ ನಡುವಿನ ವ್ಯತ್ಯಾಸಕ್ಕಿಂತ ಜಾಸ್ತಿ ಇರಬಹುದು. ನಾನು ಇದನ್ನು ಪರೀಕ್ಷೆ ಮಾಡಿ ಮಾಡಿ ಒಪ್ಪಿಕೊಂಡಿದ್ದೇನೆ. ಸೈಜ್ ನೋಡಿ ಕೊಳ್ಳುವುದು ಆರಂಭ ಅಷ್ಟೇ. ನಂಬಬೇಕಾದ್ದು ಲಾಟ್ ನಂಬರನ್ನು.

ಒಂದೊಂದನ್ನೇ ತೂಗಿ ಆರಿಸಬೇಕಾ ಅಂತ ತುಂಬ ಜನ ಕೇಳುತ್ತಾರೆ. ತೂಕ 1% ಬದಲಾದರೆ ವೇಗ ಸುಮಾರು ಅರ್ಧ ಪರ್ಸೆಂಟ್ ಬದಲಾಗುತ್ತದೆ, 10 ಮೀಟರಿನಲ್ಲಿ ಪೆಲೆಟ್ ಸರಿಯುವುದು 0.2 ಮಿ.ಮೀ.ಗಿಂತ ಕಮ್ಮಿ. ಒಳ್ಳೆ ಮ್ಯಾಚ್ ಪೆಲೆಟ್ಟಿನ ತೂಕ ಅಷ್ಟೂ ಹೊಯ್ದಾಡುವುದಿಲ್ಲ. ರಾತ್ರಿಯೆಲ್ಲ ತಕ್ಕಡಿ ಮುಂದೆ ಕೂರುವ ಬದಲು ಆ ಹೊತ್ತು ನಿದ್ದೆ ಮಾಡಿ. ಸ್ಕೋರಿಗೆ ಅದೇ ಒಳ್ಳೆಯದು.

ರೈಫಲ್ ಕಟ್ಟಿ ಪರೀಕ್ಷೆ

ಕೊನೆಯ ತೀರ್ಪು ಇಲ್ಲಿ. ಮನುಷ್ಯನನ್ನು ಲೆಕ್ಕದಿಂದ ತೆಗೆಯಬೇಕು. ಅಲ್ಲಾಡದ ಭಾರದ ಮೇಜು, ಅದಕ್ಕೆ ಬೋಲ್ಟ್ ಮಾಡಿದ ವೈಸ್, ದವಡೆಗಳಿಗೆ ಮರ ಅಥವಾ ಗಟ್ಟಿ ರಬ್ಬರ್. ಬ್ಯಾರೆಲ್ ಹಿಡಿಯಬೇಡಿ, ಅದು ಬಾಗಿದರೆ ಎಲ್ಲ ಮುಗಿಯಿತು. ರೈಫಲ್ಲಿನ ಗಟ್ಟಿ ನಡುಭಾಗವನ್ನು ಹಿಡಿಸಿ. ಫ್ಯಾನ್ ಆಫ್ ಮಾಡಿ. ಟಾರ್ಗೆಟ್ ಕಡೆ ಯಾರೂ ಹೋಗದಂತೆ ಒಬ್ಬರು ನಿಂತಿರಲಿ, ಕಣ್ಣಿಗೆ ಕನ್ನಡಕ ಇರಲಿ.

ಸ್ಪ್ರಿಂಗ್ ರೈಫಲ್ ಇರುವವರು ಇದನ್ನು ಮಾಡಬೇಡಿ. ಸ್ಪ್ರಿಂಗ್ ರೈಫಲ್ ಜಿಗಿಯುತ್ತದೆ, ಜಿಗಿಯಲು ಬಿಡದೆ ಕಟ್ಟಿದರೆ ಕೈಯಲ್ಲಿ ಹೊಡೆದ ಹಾಗೆ ಹೊಡೆಯುವುದಿಲ್ಲ. ಅದಕ್ಕೆ ಮೆತ್ತನೆಯ ಮರಳಿನ ಚೀಲವೇ ಸರಿ.

ಮೊದಲು ಆ ಲಾಟ್‌ನ 15 ಗುಂಡು ಸುಮ್ನೆ ಹೊಡೆದುಬಿಡಿ. ಆಮೇಲೆ ಹತ್ತು ಗುಂಡಿನ ಒಂದು ಗ್ರೂಪ್. ಲಾಟ್ ಬದಲಿಸಿ, ಮತ್ತೆ 15 ಸುಮ್ನೆ, ಹತ್ತು ಲೆಕ್ಕಕ್ಕೆ. ಹೀಗೆ ಅ, ಆ, ಅ, ಆ ಅಂತ ಸರದಿಯಲ್ಲಿ ಐದೈದು ಗ್ರೂಪ್ ಮಾಡಿ. ಒಂದೇ ಲಾಟ್ ಬೆಳಿಗ್ಗೆಯೆಲ್ಲ, ಇನ್ನೊಂದು ಮಧ್ಯಾಹ್ನವೆಲ್ಲ ಹೊಡೆದರೆ ಬಿಸಿಲು, ಸಿಲಿಂಡರ್ ಒತ್ತಡ ಎಲ್ಲ ಸೇರಿಕೊಂಡು ಲೆಕ್ಕ ಕಲಸುಮೇಲೋಗರ ಆಗುತ್ತದೆ.

ಅಳತೆ ಹೀಗೆ: ಹತ್ತೂ ಗುಂಡು ಸೇರಿ ಮಾಡಿದ ರಂಧ್ರದ ಒಂದು ಹೊರ ಅಂಚಿನಿಂದ ಅತಿ ದೂರದ ಎದುರಿನ ಹೊರ ಅಂಚಿಗೆ ಅಳೆಯಿರಿ. ಅದರಲ್ಲಿ ಪೆಲೆಟ್ಟಿನ ಅಗಲ 4.5 ಕಳೆದರೆ ನಿಜವಾದ ಹರಡುವಿಕೆ. ಐದು ಗ್ರೂಪಿನ ಸರಾಸರಿ ತೆಗೆಯಿರಿ. ಒಂದೇ ಒಂದು ಚಂದದ ಗ್ರೂಪ್ ನೋಡಿ ಮರುಳಾಗಬೇಡಿ. ಕೆಟ್ಟ ಲಾಟ್ ಕೂಡ ಅದೃಷ್ಟಕ್ಕೆ ಒಂದು ಸಲ ಚೆನ್ನಾಗಿ ಬೀಳುತ್ತದೆ. ನಾನು ಪ್ರತಿ ಲಾಟ್‌ನ ಅತಿ ಕೆಟ್ಟ ಗ್ರೂಪನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ. ಮ್ಯಾಚ್ ದಿನ ಕಾಡುವುದು ಅದೇ.

ಆ ಹುಡುಗಿಯ ರೈಫಲ್ ಕಟ್ಟಿ ಹೊಡೆದಾಗ ಹಳೇ ಲಾಟ್ ಸರಾಸರಿ 5.8 ಮಿ.ಮೀ. ಬಂತು. ಅವಳ ಹಳೇ ಡಬ್ಬಿಗಳು ಮುಗಿದಿದ್ದವು. ಪುಣ್ಯಕ್ಕೆ ಕಿಟ್ ಬ್ಯಾಗಿನ ಮೂಲೆಯಲ್ಲಿ ಅರ್ಧ ಡಬ್ಬಿ ಸಿಕ್ಕಿತು. ಹೊಸ ಲಾಟ್ 7.6. ನೋಡಲು ಎರಡು ಮಿಲಿಮೀಟರ್ ಕೂಡ ಇಲ್ಲ. ಆದರೆ 4.5 ಕಳೆಯಿರಿ. ಹಳೆಯದು 1.3, ಹೊಸದು 3.1. ಹರಡುವಿಕೆ ಎರಡು ಪಟ್ಟಿಗಿಂತ ಜಾಸ್ತಿ. ಅವಳ ಕೈಯ ತಪ್ಪಿನ ಜೊತೆ ಇದನ್ನು ಕೂಡಿಸಿದರೆ ಗುಂಡಿಗೆ ಸುಮಾರು 0.1 ಹೋಗುತ್ತದೆ. ಹೋದ ಆರು ಪಾಯಿಂಟ್ ಅಲ್ಲೇ ಇತ್ತು. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ನನ್ನ ಟ್ರಿಗರ್ ಸರಿಯಾಗೇ ಇತ್ತಾ ಸರ್?" ಅಂದಳು.

ಕೊಳ್ಳುವಾಗ

ಅಂಗಡಿಯಿಂದ ಒಂದೇ ಸಲ ಹತ್ತು ಡಬ್ಬಿ ತರಬೇಡಿ. ಸಿಗುವ ಲಾಟ್‌ಗಳಲ್ಲಿ ಒಂದೊಂದು ಡಬ್ಬಿ ತಂದು ಪರೀಕ್ಷೆ ಮಾಡಿ. ಗೆದ್ದ ಲಾಟನ್ನು ಎತ್ತಿಟ್ಟಿರಲು ಮುಂಚೆಯೇ ಹೇಳಿ, ಆಮೇಲೆ ಒಟ್ಟಿಗೆ ಕೊಳ್ಳಿ. ದಿನಕ್ಕೆ 100 ಗುಂಡು, ವಾರಕ್ಕೆ ಐದು ದಿನ ಹೊಡೆದರೆ ತಿಂಗಳಿಗೆ 2000. 500ರ ಡಬ್ಬಿಯಾದರೆ ನಾಲ್ಕು. ಸೀಸನ್ ಎಷ್ಟು ತಿಂಗಳು ಅಂತ ನೋಡಿ ಗುಣಿಸಿ. ದುಡ್ಡು ಸಾಲದಿದ್ದರೆ ಪರೀಕ್ಷೆ ಮಾಡಿದ ಲಾಟನ್ನು ಮ್ಯಾಚ್‌ಗೂ ಮ್ಯಾಚ್‌ಗೆ ಮುಂಚಿನ ಎರಡು ವಾರಕ್ಕೂ ಇಟ್ಟುಕೊಂಡು, ಉಳಿದ ದಿನ ಅಗ್ಗದ್ದು ಹೊಡೆಯಿರಿ. ಆಗ ಅಭ್ಯಾಸದ ಸ್ಕೋರನ್ನು ಮ್ಯಾಚ್ ಸ್ಕೋರಿನ ಜೊತೆ ಹೋಲಿಸಿ ಮಗುವನ್ನು ಬೈಯಬೇಡಿ. ಡೈರಿಯಲ್ಲಿ ಸ್ಕೋರಿನ ಪಕ್ಕ ಲಾಟ್ ನಂಬರ್ ಬರೆಯುವ ಅಭ್ಯಾಸ ಮಾಡಿಸಿ, ಅಷ್ಟೇ ಸಾಕು.

ಅವಳ ಹತ್ತಿರ ಆ ಹೊಸ ಲಾಟ್‌ನ ಆರು ಡಬ್ಬಿ ಉಳಿದಿತ್ತು. ಎಸೆಯುವ ಮುಂಚೆ ನಮ್ಮಲ್ಲೇ ಮೂರನೇ ಲೇನ್‌ನಲ್ಲಿ ಹೊಡೆಯುವ ಹುಡುಗನ ರೈಫಲ್ ಕಟ್ಟಿ ಅದೇ ಲಾಟ್ ಹೊಡೆದು ನೋಡಿದೆವು. ಐದು ಗ್ರೂಪಿನ ಸರಾಸರಿ 5.9. ಅವನ ಹಳೇ ಪೆಲೆಟ್ಟಿಗಿಂತ ಚೆನ್ನಾಗಿತ್ತು. ಪೆಲೆಟ್ ಕೆಟ್ಟದಾಗಿರಲಿಲ್ಲ, ಅವಳ ಬ್ಯಾರೆಲ್ಲಿಗೆ ಒಗ್ಗಿರಲಿಲ್ಲ. ಆರು ಡಬ್ಬಿಯನ್ನೂ ಅವನೇ ದುಡ್ಡು ಕೊಟ್ಟು ತಗೊಂಡ. ತಗೊಂಡ ದಿನವೇ ಒಂದು ಖಾಲಿ ಡಬ್ಬಿ ಹುಡುಕಿ, ಅದಕ್ಕೆ 100 ಪೆಲೆಟ್ ಎಣಿಸಿ ಹಾಕಿ, ಮಾರ್ಕರ್ ಪೆನ್ನಿನಲ್ಲಿ ಮೇಲೆ ಲಾಟ್ ನಂಬರ್ ಬರೆದ. ಅದರ ಕೆಳಗೆ ದೊಡ್ಡದಾಗಿ "ಹೆಪ್ಪು" ಅಂತ ಬರೆದಿದ್ದಾನೆ.